ಬೆಳ್ಳಗಿದ್ದದ್ದೆಲ್ಲ ಹಾಲಲ್ಲ

ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಹಾಗೂ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ



 ಸಾಲ, ಬಡ್ಡಿ, ಷೇರು, ಲಾಭಾಂಶ ಇವುಗಳ ಬಗ್ಗೆ ಹೇಳಲು ವೇದಿಕೆಯ ಮೇಲೆ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಆರಿಸಿಕೊಂಡ ವಿಷಯ ಸಣ್ಣದು. ಕಿರಾಣಿ ಅಂಗಡಿಯಿಂದ ನಾವು ದಿನಾಲೂ ತರುವ ಪಾಕೀಟಿನ ಮೇಲೆ ಏನೇನು ಬರೆದಿರುತ್ತಾರೆ, ಅದನ್ನು ಹೇಗೆ ಓದಬೇಕು ಎಂಬುದು. ಸಣ್ಣ ವಿಷಯ ಅಂತ ಅನ್ನಿಸಬಹುದು. ಆದರೆ ನಮ್ಮ ದುಡ್ಡು, ನಮ್ಮ ಮಕ್ಕಳ ಹೊಟ್ಟೆ, ಮನೆಯ ಹಿರಿಯರ ಸಕ್ಕರೆ ಕಾಯಿಲೆ, ಬಿ.ಪಿ. ಎಲ್ಲವೂ ಈ ಸಣ್ಣ ಅಕ್ಷರಗಳಿಗೆ ಗಂಟು ಬಿದ್ದಿವೆ.

ಸಹಕಾರ ಸಭೆಯಲ್ಲಿ ಈ ಮಾತು ಯಾಕ್ರೀ ಅಂತ ಯಾರಾದರೂ ಕೇಳಿದರೆ ಉತ್ತರ ಇದೆ. 1844ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನೇಕಾರರು ಮತ್ತಿತರ ದುಡಿಯುವ ಜನ ಕೂಡಿ ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ ಇಂಥ ನಾಲ್ಕೈದು ಸಾಮಾನು ಮಾತ್ರ ಇದ್ದವು. ಆ ಕಾಲದಲ್ಲಿ ಅಲ್ಲಿ ಕಲಬೆರಕೆ ಬಹಳ. ಕಲಬೆರಕೆ ಇಲ್ಲದ ಸಾಮಾನು, ಮೋಸವಿಲ್ಲದ ತೂಕ, ಇದೇ ಅವರ ಬಂಡವಾಳ. ಜಗತ್ತಿನ ಸಹಕಾರ ಚಳವಳಿ ತನ್ನ ಮೂಲಪುರುಷರೆಂದು ನೆನೆಯುವುದು ಅವರನ್ನೇ. ನಮ್ಮ ಕಡೆ 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಳ್ಳಿಯ ಪತ್ತಿನ ಸಂಘ ಕಟ್ಟಿದ್ದೂ ಬಡವನಿಗೆ ಮೋಸ ಆಗಬಾರದು ಎಂಬ ಉದ್ದೇಶದಿಂದಲೇ. ಆದ್ದರಿಂದ ಪಾಕೀಟಿನ ಬರಹ ಓದುವುದೂ ಸಹಕಾರದ ಕೆಲಸವೇ.

ಓದಲಿಕ್ಕೆ ನಮಗೆ ಬರುತ್ತದೆ

“ಅಲ್ರೀ, ಅದೆಲ್ಲಾ ಇಂಗ್ಲೀಷಿನಾಗ ಇರತೈತಿ, ನಮಗ ಹೆಂಗ ತಿಳೀಬೇಕು?” ಎಂದು ತಾಯಂದಿರು ಕೇಳುತ್ತಾರೆ. ಮಾತು ಖರೆ. ಆಹಾರದ ಲೇಬಲ್ಲಿನ ವಿವರ ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕು, ಅದರ ಜೊತೆಗೆ ಬೇರೆ ಭಾಷೆ ಬಳಸಬಹುದು, ಎನ್ನುತ್ತದೆ ಕೇಂದ್ರದ ನಿಯಮ. ಬಳಸಬಹುದು ಅಂದರೆ ಬಳಸಲೇಬೇಕು ಅಂತಲ್ಲ. ರಾಜ್ಯದಲ್ಲಿ ತಯಾರಾಗುವ ಸಾಮಾನುಗಳ ಮೇಲೆ ಕನ್ನಡವೂ ಇರಬೇಕೆಂದು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಆದೇಶ ಹೊರಡಿಸಿತು. ಆದರೆ ನಮ್ಮ ಅಂಗಡಿಗೆ ಬರುವ ಅರ್ಧಕ್ಕರ್ಧ ಸಾಮಾನು ಹೊರರಾಜ್ಯದ್ದು.

ಹಾಗಂತ ಕೈಚೆಲ್ಲಿ ಕೂಡಬೇಕಾಗಿಲ್ಲ. ನಮ್ಮ ರೈತ ಲೇಬಲ್ ಓದುವುದರಲ್ಲಿ ಪಳಗಿದವನು. ಬೀಜದ ಚೀಲಕ್ಕೆ ನೀಲಿ ಚೀಟಿ ಇದ್ದರೆ ಪ್ರಮಾಣಿತ ಬೀಜ, ಬಿಳಿ ಚೀಟಿ ಇದ್ದರೆ ಮೂಲ ಬೀಜ ಅಂತ ಅವನಿಗೆ ಗೊತ್ತು. ಔಷಧದ ಡಬ್ಬಿಯ ಮೇಲೆ ಕೆಂಪು ಇದ್ದರೆ ಘೋರ ವಿಷ, ಹಳದಿ, ನೀಲಿ, ಹಸಿರು ಆಗುತ್ತ ಹೋದಂತೆ ವಿಷದ ತೀವ್ರತೆ ಕಡಿಮೆ, ಅದೂ ಗೊತ್ತು. ಹಾಲು ಹಾಕಲು ಡೇರಿಗೆ ಹೋಗುವ ತಾಯಿಗೆ ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು ಅಂತ ಚೀಟಿ ನೋಡಿ ಹೇಳಲು ಬರುತ್ತದೆ. ಹೊಲಕ್ಕೆ ಹಾಕುವುದನ್ನು ಇಷ್ಟು ಸೂಕ್ಷ್ಮವಾಗಿ ನೋಡುವ ನಾವು ಹೊಟ್ಟೆಗೆ ಹಾಕುವುದನ್ನು ಮಾತ್ರ ಬಣ್ಣ, ಚಿತ್ರ, ಟಿ.ವಿ. ಜಾಹೀರಾತು ನೋಡಿ ತರುತ್ತೇವೆ. ಇದು ಬದಲಾಗಬೇಕು.

ಹಿಂದೆ ಎಣ್ಣೆ ಗಾಣದಿಂದ ಬರುತ್ತಿತ್ತು, ಹಿಟ್ಟು ಗಿರಣಿಯಿಂದ, ಖಾರ ಮನೆಯ ಒರಳಿನಿಂದ. ಮಾರುವವನ ಮುಖವೇ ಲೇಬಲ್ಲು. ಈಗ ಮಾಡಿದವನು ಎಲ್ಲೋ, ತಿನ್ನುವವರು ಎಲ್ಲೋ. 1998ರಲ್ಲಿ ದಿಲ್ಲಿಯಲ್ಲಿ ಸಾಸಿವೆ ಎಣ್ಣೆಗೆ ದತ್ತೂರಿ ಬೀಜದ ಎಣ್ಣೆ ಬೆರೆತು ಮೈ ಬಾವು ಬರುವ ರೋಗ ಹಬ್ಬಿತು, ಸುಮಾರು 60 ಜನ ಸತ್ತರು. ಎಣ್ಣೆಯನ್ನು ಪೊಟ್ಟಣ ಕಟ್ಟಿ, ಹೆಸರು ಹಾಕಿಯೇ ಮಾರಬೇಕೆಂಬ ಆದೇಶ ಬಂದದ್ದು ಅದೇ ವರ್ಷ. ಲೇಬಲ್ಲಿನ ಒಂದೊಂದು ಸಾಲಿನ ಹಿಂದೆ ಇಂಥ ಕಥೆಗಳಿವೆ. ಯಾರೋ ನೊಂದ ಮೇಲೆಯೇ ಆ ಸಾಲು ಬಂದದ್ದು.

ಮುಂದಿನ ಮುಖ, ಹಿಂದಿನ ಮುಖ

ಪಾಕೀಟಿಗೆ ಎರಡು ಮುಖ. ಮುಂದಿನದು ಮಾರುವವನ ಮಾತು, ಹಿಂದಿನದು ಕಾನೂನು ಅವನ ಬಾಯಿಂದ ಹೇಳಿಸಿದ ಮಾತು. ಆದ್ದರಿಂದ ಪಾಕೀಟು ಕೈಗೆ ಬಂದ ಕೂಡಲೇ ತಿರುವಿ ನೋಡಬೇಕು.

ಹಿಂದೆ ಮೊದಲು ಹುಡುಕಬೇಕಾದ್ದು ‘ಇಂಗ್ರೀಡಿಯೆಂಟ್ಸ್’ ಎಂಬ ಪದ. ಅಂದರೆ ಅದರೊಳಗೆ ಹಾಕಿದ ಪದಾರ್ಥಗಳ ಯಾದಿ. ಈ ಯಾದಿಗೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಯಾವುದು ಹೆಚ್ಚು ಹಾಕಿದ್ದಾರೋ ಅದು ಮೊದಲು, ಕಡಿಮೆ ಹಾಕಿದ್ದು ಕೊನೆಗೆ. ಇದೊಂದು ತಿಳಿದರೆ ಅರ್ಧ ವಿದ್ಯೆ ಬಂದ ಹಾಗೆ. ಮುಂದೆ ಗೋಧಿಯ ತೆನೆ, ಜೋಳದ ತೆನೆ, ರಾಗಿಯ ಚಿತ್ರ ಹಾಕಿ ‘ಮಲ್ಟಿಗ್ರೇನ್’ ಎಂದು ಬರೆದಿರುತ್ತಾರೆ. ಹಿಂದೆ ನೋಡಿದರೆ ಮೊದಲ ಹೆಸರು ‘ರಿಫೈನ್ಡ್ ವ್ಹೀಟ್ ಫ್ಲೋರ್’. ಅದು ಬೇರೇನಲ್ಲ, ನಮ್ಮ ಮೈದಾ. ಎರಡನೆಯದು ಸಕ್ಕರೆ, ಮೂರನೆಯದು ಪಾಮ್ ಎಣ್ಣೆ. ಜೋಳ, ರಾಗಿ ಎಲ್ಲೋ ಕೊನೆಗೆ ನೂರಕ್ಕೆ ಎರಡೋ ಮೂರೋ ಪಾಲು. ಚಿತ್ರದಲ್ಲಿರುವ ಪದಾರ್ಥ ಒಳಗೆ ಎಷ್ಟು ಪಾಲು ಇದೆ ಎಂಬ ಅಂಕಿಯನ್ನು ಅದರ ಪಕ್ಕದಲ್ಲೇ ಹುಡುಕಿರಿ.

ಇಂಗಿನ ಡಬ್ಬಿ ನೋಡಿರಿ. ‘ಕಂಪೌಂಡೆಡ್’ ಎಂದು ಬರೆದಿದ್ದರೆ ಅದು ಶುದ್ಧ ಇಂಗಲ್ಲ. ಹಿಟ್ಟು, ಅಂಟು ಕೂಡಿಸಿ ಮಾಡಿದ್ದು. ಕಾನೂನಿನಂತೆ ತಪ್ಪೇನಲ್ಲ, ಶುದ್ಧ ಇಂಗನ್ನು ಹಾಗೇ ಒಗ್ಗರಣೆಗೆ ಹಾಕಲು ಆಗುವುದೂ ಇಲ್ಲ. ಆದರೆ ಎರಡು ಡಬ್ಬಿಯ ರೇಟು ಹೋಲಿಸುವಾಗ ಯಾದಿಯಲ್ಲಿ ಇಂಗು ಎಷ್ಟನೇ ಸ್ಥಾನದಲ್ಲಿದೆ ನೋಡಿದರೆ ಯಾವುದು ಲಾಭ ಅಂತ ತಿಳಿಯುತ್ತದೆ.

ಸಕ್ಕರೆ ಹಲವು ವೇಷ ಹಾಕಿಕೊಂಡು ಬರುತ್ತದೆ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಇವೆಲ್ಲ ಸಕ್ಕರೆಯ ಅಣ್ಣತಮ್ಮಂದಿರು. ಮಾಲ್ಟೊಡೆಕ್ಸ್‌ಟ್ರಿನ್ ಎಂಬುದು ಬಾಯಿಗೆ ಅಷ್ಟು ಸಿಹಿ ಅಲ್ಲ, ಆದರೆ ರಕ್ತದಲ್ಲಿ ಬೇಗ ಸಕ್ಕರೆಯಾಗುತ್ತದೆ. ಒಂದೇ ಹೆಸರಿನಲ್ಲಿ ಬರೆದರೆ ಸಕ್ಕರೆ ಮೊದಲ ಸ್ಥಾನಕ್ಕೆ ಬರಬಹುದಾದದ್ದು, ಮೂರು ಹೆಸರಿನಲ್ಲಿ ಹಂಚಿಕೊಂಡಾಗ ಕೆಳಗಿಳಿದು ಕೂಡುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಈ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್. ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇದು ಪಟ್ಟಣದವರ ರೋಗ ಎನ್ನುವ ಕಾಲ ಹೋಯಿತು.

ಯಾದಿಯಲ್ಲಿ ‘ಐ.ಎನ್.ಎಸ್.’ ಎಂದು ಬರೆದು ಅಂಕಿ ಹಾಕಿದ್ದು ಕಂಡರೆ ಕೆಲವರು ಹೆದರುತ್ತಾರೆ. ಅಂಕಿ ಇದ್ದ ಮಾತ್ರಕ್ಕೆ ವಿಷ ಅಲ್ಲ. 500 ಅಂದರೆ ಸೋಡಾ ವರ್ಗ, 330 ಅಂದರೆ ನಿಂಬೆಹಣ್ಣಿನಲ್ಲಿರುವ ಹುಳಿ. 211 ಅಂದರೆ ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟ್, 102 ಅಂದರೆ ಹಳದಿ ಕೃತಕ ಬಣ್ಣ. ಅನುಮತಿ ಇದ್ದ ಪದಾರ್ಥಕ್ಕೆ, ಅನುಮತಿ ಇದ್ದಷ್ಟೇ ಹಾಕಬೇಕು. ಆದರೂ ಬಣ್ಣ ಹಾಕಿದ್ದು ಮಕ್ಕಳಿಗೆ ದಿನಾಲೂ ಬೇಡ ಎನ್ನುವಷ್ಟು ವಿವೇಕ ನಮಗಿರಬೇಕು.

ಎಣ್ಣೆ, ಹಾಲು, ಖಾರಪುಡಿ

ಈ ಮೂರು ಇಲ್ಲದ ಮನೆ ಇಲ್ಲ. ಅದಕ್ಕೆ ಸ್ವಲ್ಪ ನಿಂತು ಹೇಳುತ್ತೇನೆ.

ಎಣ್ಣೆ ಪಾಕೀಟಿನ ಮೇಲೆ ಶೇಂಗಾದ ಚಿತ್ರ ಇದ್ದರೆ ಒಳಗೆ ಇರುವುದೆಲ್ಲ ಶೇಂಗಾ ಎಣ್ಣೆ ಎಂದು ತಿಳಿಯಬೇಡಿರಿ. ‘ಬ್ಲೆಂಡೆಡ್ ಎಡಿಬಲ್ ವೆಜಿಟೇಬಲ್ ಆಯಿಲ್’ ಎಂದು ಬರೆದಿದೆಯೇ ನೋಡಿರಿ. ಅದು ಎರಡು ಎಣ್ಣೆ ಬೆರೆಸಿದ್ದು. ಎರಡರಲ್ಲಿ ಯಾವುದೂ ನೂರಕ್ಕೆ 20ಕ್ಕಿಂತ ಕಡಿಮೆ ಇರಬಾರದು, ಯಾವುದು ಎಷ್ಟು ಎಂದು ಬರೆಯಲೇಬೇಕು, ಅಗ್‌ಮಾರ್ಕ್ ಮುದ್ರೆ ಇರಲೇಬೇಕು, ಬಿಡಿಯಾಗಿ ಅಳೆದು ಮಾರುವಂತಿಲ್ಲ. ಅಂದರೆ ಶೇಂಗಾ 20 ಪಾಲು, ಮತ್ತೊಂದು ಎಣ್ಣೆ 80 ಪಾಲು ಇದ್ದರೂ ಕಾನೂನಿನ ಪ್ರಕಾರ ಸರಿ. ತಿನ್ನಲು ಅಡ್ಡಿ ಇಲ್ಲ, ಆದರೆ ಶೇಂಗಾ ಎಣ್ಣೆಯ ರೇಟು ಕೊಡುವುದು ಯಾಕೆ? ‘ಕೊಲೆಸ್ಟ್ರಾಲ್ ಇಲ್ಲ’ ಎಂದು ದೊಡ್ಡದಾಗಿ ಬರೆದದ್ದಕ್ಕೂ ಮರುಳಾಗಬೇಡಿರಿ. ಶೇಂಗಾ, ಕುಸುಬಿ, ಸೂರ್ಯಕಾಂತಿ, ಪಾಮ್, ಯಾವ ಗಿಡದ ಎಣ್ಣೆಯಲ್ಲೂ ಕೊಲೆಸ್ಟ್ರಾಲ್ ಇರುವುದೇ ಇಲ್ಲ. ಹಸುವಿಗೆ ಕೊಂಬು ಇದೆ ಎಂದು ಡಂಗುರ ಹೊಡೆದಂತೆ ಅದು.

ಇನ್ನೊಂದು ಬಹಳ ಮುಖ್ಯ ಮಾತು. ದೀಪಕ್ಕೆ ಹಾಕುವ ಎಣ್ಣೆ, ಪೂಜೆಯ ತುಪ್ಪ ಅಂಗಡಿಯಲ್ಲಿ ಅಡಿಗೆ ಎಣ್ಣೆಯ ಪಕ್ಕದಲ್ಲೇ ಇರುತ್ತವೆ, ರೇಟೂ ಕಡಿಮೆ. ಅವು ತಿನ್ನುವುದಕ್ಕಲ್ಲ. 2020ರ ಲೇಬಲ್ ನಿಯಮದ ಪ್ರಕಾರ ಅಂಥ ಪೊಟ್ಟಣದ ಮೇಲೆ ಚೌಕದೊಳಗೆ ಕಪ್ಪು ಬಣ್ಣದ ಗುಣಾಕಾರ ಚಿಹ್ನೆ ಇರಬೇಕು. ಆ ಗುರುತು ಕಂಡರೆ ಅದು ದೇವರ ಮನೆಗೆ ಮಾತ್ರ, ಅಡಿಗೆ ಮನೆಗೆ ಬೇಡ. ಓದು ಬರದ ಅಜ್ಜಿಗೂ ಈ ಗುರುತು ತೋರಿಸಿ ಹೇಳಿಕೊಡಿರಿ.

ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಮೊದಲು ಎರಡಕ್ಕೂ ಚುಕ್ಕೆಯೇ ಇತ್ತು. ಬಣ್ಣ ಗುರುತಿಸಲು ಬಾರದವರಿಗೂ ತಿಳಿಯಲಿ ಎಂದು ತ್ರಿಕೋನ ಬಂದಿದೆ.

ಹಾಲಿಗೆ ಬರೋಣ. ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ 3, ಡಬಲ್ ಟೋನ್ಡ್‌ನಲ್ಲಿ 1.5, ಸ್ಟ್ಯಾಂಡರ್ಡೈಸ್ಡ್‌ನಲ್ಲಿ 4.5, ಫುಲ್ ಕ್ರೀಮ್‌ನಲ್ಲಿ 6 ಇರಬೇಕು. ಇದರಲ್ಲಿ ಒಳ್ಳೆಯದು ಕೆಟ್ಟದ್ದು ಅಂತಿಲ್ಲ. ಹೃದಯದ ತೊಂದರೆ ಇದ್ದ ಹಿರಿಯರಿಗೆ ಕಡಿಮೆ ಕೊಬ್ಬಿನದು, ಬೆಳೆಯುವ ಮಕ್ಕಳಿಗೆ ಹೆಚ್ಚಿನದು. ಬಣ್ಣದ ಪಾಕೀಟು ನೋಡದೆ ಈ ಅಂಕಿ ನೋಡಿ ತೆಗೆದುಕೊಳ್ಳಿರಿ. ಐಸ್‌ಕ್ರೀಮ್ ಅಂತ ಮಕ್ಕಳು ತಿನ್ನುವುದರಲ್ಲಿ ಕೆಲವು ಐಸ್‌ಕ್ರೀಮೇ ಅಲ್ಲ. ಡಬ್ಬಿಯ ಮೇಲೆ ‘ಫ್ರೋಜನ್ ಡೆಸರ್ಟ್’ ಎಂದಿರುತ್ತದೆ. ಅದರಲ್ಲಿ ಹಾಲಿನ ಕೊಬ್ಬಿನ ಬದಲು ಗಿಡದ ಎಣ್ಣೆಯ ಕೊಬ್ಬು ಇರುತ್ತದೆ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ.

ಖಾರಪುಡಿಯ ಮಾತು ನಮ್ಮ ಜಿಲ್ಲೆಯ ಮಾನದ ಮಾತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಹೆಚ್ಚು, ಅದೇ ಅದರ ಹಿರಿಮೆ. ಅದಕ್ಕೇ ಬಣ್ಣ ಕಂಡು ಮೋಸ ಮಾಡುವವರಿಗೂ ಅದರ ಹೆಸರೇ ಬೇಕು. ಖಾರಪುಡಿಗೆ ಯಾವ ಬಣ್ಣವನ್ನೂ ಸೇರಿಸುವಂತಿಲ್ಲ. ಎಣ್ಣೆ ಸೇರಿಸುವುದಿದ್ದರೆ ನೂರಕ್ಕೆ 2ಕ್ಕಿಂತ ಹೆಚ್ಚಿಲ್ಲ, ಯಾವ ಎಣ್ಣೆ, ಎಷ್ಟು ಎಂದು ಲೇಬಲ್ಲಿನಲ್ಲಿ ಹೇಳಬೇಕು. 2003ರಲ್ಲಿ ಭಾರತದಿಂದ ಹೋದ ಖಾರಪುಡಿಯಲ್ಲಿ ಸೂಡಾನ್ ಎಂಬ ಕಾರ್ಖಾನೆ ಬಣ್ಣ ಫ್ರಾನ್ಸಿನಲ್ಲಿ ಸಿಕ್ಕು ಯುರೋಪಿನಲ್ಲೆಲ್ಲ ಗದ್ದಲವಾಯಿತು. ಯಾರೋ ಮಾಡಿದ ಪಾಪದ ಪೆಟ್ಟು ಬೆಳೆದವನಿಗೂ ಬೀಳುತ್ತದೆ. ಆದ್ದರಿಂದ ‘ಬ್ಯಾಡಗಿ’ ಎಂದು ಬರೆದ ಪಾಕೀಟು ಕೊಳ್ಳುವಾಗ ತಯಾರಿಸಿದವರು ಯಾರು, ಎಲ್ಲಿ ಎಂದು ನಾವೇ ಮೊದಲು ನೋಡಬೇಕು.

ತಾರೀಖು, ತೂಕ, ಬೆಲೆ

‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಎಂದರೆ ಆ ದಿನ ದಾಟಿದ ಮೇಲೆ ತಿನ್ನಬಾರದು, ಮಾರಬಾರದು. ‘ಬೆಸ್ಟ್ ಬಿಫೋರ್’ ಎಂದರೆ ಆ ದಿನದವರೆಗೆ ರುಚಿ, ಗುಣ ಚೆನ್ನಾಗಿರುತ್ತದೆ ಎಂಬ ಭರವಸೆ. ಈಗಿನ ನಿಯಮದಂತೆ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ತಾರೀಖು, ಕೊನೆಯ ತಾರೀಖು ಎರಡೂ ಇರಬೇಕು. ಇನ್ನೊಂದು ಮಾತು, ತಾರೀಖು ಇರುವುದು ಪಾಕೀಟು ಒಡೆಯುವವರೆಗೆ ಮಾತ್ರ. ಒಡೆದ ಮೇಲೆ ಮಳೆಗಾಲದ ತಂಪಿನಲ್ಲಿ ಎರಡು ದಿನದಲ್ಲೇ ಬೂಸು ಹಿಡಿಯಬಹುದು.

ಅಳತೆಗೆ ‘ನೆಟ್ ಕ್ವಾಂಟಿಟಿ’ ನೋಡಬೇಕು. ಐದು ರೂಪಾಯಿಯ ಬಿಸ್ಕಿಟ್ ಪುಡಿಕೆ ವರ್ಷ ಕಳೆದರೂ ಐದೇ ರೂಪಾಯಿ ಇರುತ್ತದೆ, ಒಳಗಿನ ಗ್ರಾಮು ಮಾತ್ರ ಸವೆಯುತ್ತದೆ. ಎಣ್ಣೆಯಲ್ಲಿ ಇದು ಇನ್ನೂ ಜಾಸ್ತಿ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪಕ್ಕದಲ್ಲೇ ಅಷ್ಟೇ ದೊಡ್ಡದಾಗಿ ಕಾಣುವ 850 ಗ್ರಾಂ ಪಾಕೀಟು ಇರುತ್ತದೆ. ಉದಾಹರಣೆಗೆ 910 ಗ್ರಾಮಿನದಕ್ಕೆ 150 ರೂಪಾಯಿ, 850 ಗ್ರಾಮಿನದಕ್ಕೆ 145 ರೂಪಾಯಿ ಎಂದು ಇಟ್ಟುಕೊಳ್ಳಿರಿ. ಎರಡನೆಯದು ಐದು ರೂಪಾಯಿ ಅಗ್ಗ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ಮೊದಲನೆಯದು ಕಿಲೋಗೆ ಸುಮಾರು 165 ರೂಪಾಯಿ, ಎರಡನೆಯದು ಸುಮಾರು 171. ಅಗ್ಗ ಅಂತ ತಂದದ್ದು ತುಟ್ಟಿಯಾಯಿತು. ಈ ಲೆಕ್ಕವನ್ನು ಕಂಪನಿಯವರೇ ಮಾಡಿ ಬರೆಯಬೇಕೆಂದು 2022ರಿಂದ ಈಚೆಗೆ ನಿಯಮ ಬಂದಿದೆ. ‘ಯುನಿಟ್ ಸೇಲ್ ಪ್ರೈಸ್’ ಅಥವಾ ‘ಯು.ಎಸ್.ಪಿ.’ ಎಂದು ಬೆಲೆಯ ಹತ್ತಿರ ಇರುತ್ತದೆ. ಗ್ರಾಮಿಗೆ ಇಷ್ಟು ಪೈಸೆ, ಕಿಲೋಗೆ ಇಷ್ಟು ರೂಪಾಯಿ ಎಂದು ಅಲ್ಲಿ ಸಿಗುತ್ತದೆ.

‘ಎಂ.ಆರ್.ಪಿ.’ ಅಂದರೆ ಎಲ್ಲಾ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ, ಕಡಿಮೆಗೆ ಕೊಡಬಹುದು. ಫ್ರಿಜ್ಜಿನಲ್ಲಿ ಇಟ್ಟಿದ್ದೇವೆ ಎಂದು ಎರಡು ರೂಪಾಯಿ ಹೆಚ್ಚು ಕೇಳುವುದೂ ತಪ್ಪೇ. ಬೆಲೆ ಏರಿಸಲು ಚೀಟಿ ಅಂಟಿಸಿದರೆ ಅದು ಅಪರಾಧ.

ಪೋಷಕಾಂಶದ ಕೋಷ್ಟಕ

ಹಿಂದಿನ ಚೌಕದಲ್ಲಿ 100 ಗ್ರಾಮಿಗೆ ಶಕ್ತಿ ಎಷ್ಟು, ಕೊಬ್ಬು ಎಷ್ಟು, ಸಕ್ಕರೆ ಎಷ್ಟು, ಸೋಡಿಯಂ ಎಷ್ಟು ಎಂದು ಇರುತ್ತದೆ. ಎಲ್ಲ ಬಿಟ್ಟರೂ ಮೂರು ಅಂಕಿ ನೋಡಿರಿ: ಸಕ್ಕರೆ, ಕೊಬ್ಬು, ಸೋಡಿಯಂ. ಲೇಬಲ್ಲಿನ ಲೆಕ್ಕಕ್ಕೆ ಒಬ್ಬ ವಯಸ್ಕನಿಗೆ ದಿನಕ್ಕೆ ಹೆಚ್ಚೆಂದರೆ ಹೊರಗಿನಿಂದ ಸೇರಿಸಿದ ಸಕ್ಕರೆ 50 ಗ್ರಾಂ, ಒಟ್ಟು ಕೊಬ್ಬು 67 ಗ್ರಾಂ, ಸೋಡಿಯಂ 2000 ಮಿಲಿಗ್ರಾಂ ಎಂದು ಹಿಡಿದಿದ್ದಾರೆ. ಸೋಡಿಯಮ್ಮನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಬರುತ್ತದೆ. 2000 ಮಿಲಿಗ್ರಾಂ ಸೋಡಿಯಂ ಅಂದರೆ 5 ಗ್ರಾಂ ಉಪ್ಪು, ಒಂದು ಚಹಾ ಚಮಚೆಯಷ್ಟು. ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ, ಸಂಜೆಯ ಖಾರ ಚೂಡಾ ಎಲ್ಲದರಲ್ಲೂ ಉಪ್ಪು ಇದೆ. ಸವಣೂರಿನ ಖಾರ ತಿನ್ನಬೇಡಿರಿ ಎಂದು ನಾನು ಹೇಳಿದರೆ ಸವಣೂರಿನವರು ನನ್ನನ್ನು ಊರೊಳಗೆ ಬಿಡಲಿಕ್ಕಿಲ್ಲ! ತಿನ್ನಿರಿ, ಆದರೆ ಬಿ.ಪಿ. ಇದ್ದವರು ಎಷ್ಟು ತಿನ್ನುತ್ತೇವೆಂಬ ಲೆಕ್ಕ ಇಟ್ಟು ತಿನ್ನಿರಿ.

ಇಲ್ಲಿ ಒಂದು ಗುಟ್ಟು ಇದೆ. ಕೆಲವರು ‘ಒಂದು ಸರ್ವಿಂಗ್‌ಗೆ’ ಎಂದು ಬರೆಯುತ್ತಾರೆ. ಸರ್ವಿಂಗ್ ಅಂದರೆ ಅವರ ಲೆಕ್ಕದಲ್ಲಿ ಎರಡು ಬಿಸ್ಕಿಟ್. ನಮ್ಮ ಮನೆಯ ಹುಡುಗ ಚಹಾದ ಜೊತೆ ಇಡೀ ಪುಡಿಕೆ ತಿನ್ನುತ್ತಾನೆ. ಅದಕ್ಕೆ 100 ಗ್ರಾಮಿನ ಸಾಲನ್ನೇ ನೋಡಿರಿ. 100 ಗ್ರಾಮಿಗೆ ಸಕ್ಕರೆ 25 ಗ್ರಾಂ ಎಂದು ಬರೆದಿದ್ದರೆ ಪುಡಿಕೆಯ ಕಾಲು ಭಾಗ ಸಕ್ಕರೆ, ಅಂದರೆ ಐದು ಚಮಚೆ.

ಹುರುಪು ಬರುತ್ತದೆ, ಎತ್ತರ ಬೆಳೆಯುತ್ತದೆ ಎಂದು ಹಾಲಿಗೆ ಬೆರೆಸುವ ಪುಡಿಗಳ ಕಥೆಯೂ ಇದೇ. ‘ಹೆಲ್ತ್ ಡ್ರಿಂಕ್’ ಎಂಬ ಹೆಸರಿಗೆ ಕಾನೂನಿನಲ್ಲಿ ಅರ್ಥವೇ ಇಲ್ಲ, ಆ ಹೆಸರಿನಡಿ ಮಾರಬೇಡಿರಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರವು ಆನ್‌ಲೈನ್ ಅಂಗಡಿಗಳಿಗೆ ಹೇಳಬೇಕಾಯಿತು. ಅದೇ ವರ್ಷ ಜೂನಿನಲ್ಲಿ ಹಣ್ಣಿನ ರಸದ ಡಬ್ಬಿಗಳ ಮೇಲಿನ ‘ನೂರಕ್ಕೆ ನೂರು ಹಣ್ಣಿನ ರಸ’ ಎಂಬ ಬರಹ ತೆಗೆಯಲು ಆಹಾರ ಸುರಕ್ಷತಾ ಪ್ರಾಧಿಕಾರ ಸೂಚಿಸಿತು. ಗಟ್ಟಿ ರಸಕ್ಕೆ ನೀರು ಸೇರಿಸಿ ಮಾಡಿದ್ದನ್ನೂ ಹಾಗೆ ಮಾರುತ್ತಿದ್ದರು. ಹಾನಗಲ್ಲಿನ ಮಾವಿನಹಣ್ಣು ಮನೆಯಲ್ಲಿ ಇದ್ದಾಗ ಡಬ್ಬಿಯ ರಸ ಯಾಕೆ ಬೇಕು ಹೇಳ್ರಿ!

ಚಿಲಿ ದೇಶದಲ್ಲಿ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಜಾಸ್ತಿ ಇದ್ದರೆ ಪಾಕೀಟಿನ ಮುಂಭಾಗದಲ್ಲೇ ಕಪ್ಪು ಗುರುತು ಹಾಕುತ್ತಾರೆ. ನಮ್ಮಲ್ಲೂ ಅಂಥದು ಬೇಕೆಂಬ ಅರ್ಜಿಯ ಮೇಲೆ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತಜ್ಞರ ಸಮಿತಿಗೆ 3 ತಿಂಗಳ ಗಡುವು ಕೊಟ್ಟಿತ್ತು. ಮುಂದೆ ಎಚ್ಚರಿಕೆ ಬರಲಿ, ಬಾರದಿರಲಿ, ಹಿಂದೆ ಓದುವ ರೂಢಿ ನಮಗೆ ಇರಲಿ.

ಕೂಸಿನ ಜೀವದ ಮಾತು

ಈಗ ಹೇಳುವುದನ್ನು ತಾಯಂದಿರು ದಯವಿಟ್ಟು ಕಿವಿಗೊಟ್ಟು ಕೇಳಬೇಕು. ಕೂಸಿಗೆ ವಾಂತಿ ಭೇದಿ ಆದಾಗ ಜೀವ ಉಳಿಸುವುದು ಓ.ಆರ್.ಎಸ್. ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ, ಒಟ್ಟು 20.5 ಗ್ರಾಂ. ಈ ಪ್ರಮಾಣದಲ್ಲಿ ಮಾತ್ರ ಅದು ಮದ್ದು. ಆದರೆ ಬಹಳ ವರ್ಷ ಅಂಗಡಿ, ಔಷಧ ಅಂಗಡಿಗಳಲ್ಲಿ ಹೆಸರಿನಲ್ಲಿ ‘ಓ.ಆರ್.ಎಸ್.’ ಇಟ್ಟುಕೊಂಡ ಸಿಹಿ ಪಾನೀಯಗಳು ಮಾರಾಟವಾದವು. ಅವುಗಳಲ್ಲಿ ಸಕ್ಕರೆ ಹಲವು ಪಟ್ಟು ಹೆಚ್ಚು. ಹೆಚ್ಚಿನ ಸಕ್ಕರೆ ಕರುಳಿಗೆ ನೀರು ಎಳೆದು ಭೇದಿಯನ್ನು ಹೆಚ್ಚು ಮಾಡುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ, ಸೂತ್ರ ಪಾಲಿಸದ ಪಾನೀಯದ ಹೆಸರಿನಲ್ಲಿ ‘ಓ.ಆರ್.ಎಸ್.’ ಎಂಬ ಅಕ್ಷರ ಬಳಸಕೂಡದೆಂದು ಪ್ರಾಧಿಕಾರ ಆದೇಶಿಸಿತು.

ಆದ್ದರಿಂದ ಕೂಸಿಗೆ ಭೇದಿಯಾದರೆ ಡಬ್ಬಿಯ ಪಾನೀಯ ಬೇಡ. ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಡಿಯ ಪೊಟ್ಟಣ ಪುಕ್ಕಟೆ ಸಿಗುತ್ತದೆ. ಕೊಂಡು ತರುವುದಾದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದದ್ದೇ ತರಬೇಕು. ಎಷ್ಟು ನೀರಿಗೆ ಎಂಬುದನ್ನು ಓದಿಯೇ ಕಲಸಬೇಕು. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಮಿಲಿಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಅಪಾಯ, ಸಣ್ಣದನ್ನು ಒಂದು ಲೀಟರಿಗೆ ಹಾಕಿದರೆ ಉಪಯೋಗವಿಲ್ಲ. ಭೇದಿ ನಿಲ್ಲದಿದ್ದರೆ, ಕೂಸು ಮಂಕಾದರೆ ತಡಮಾಡದೆ ದವಾಖಾನೆಗೆ ಹೋಗಬೇಕು. ಒಂದು ಸಾಲು ಓದುವುದರಲ್ಲಿ ಒಂದು ಜೀವ ಇದೆ ಎಂದು ನಾನು ಹೇಳಿದ್ದು ಇದಕ್ಕೇ.

ಹಾಗೆಯೇ ಲೇಬಲ್ಲು ತಿಳಿಯದೆ ಒಳ್ಳೆಯದನ್ನು ಚೆಲ್ಲಿದ್ದೂ ಉಂಟು. 2021ರ ನಂತರ ಪಡಿತರದಲ್ಲಿ ಸಾರವರ್ಧಿತ ಅಕ್ಕಿ ಬಂದಾಗ, ಬೇರೆ ಥರ ಕಾಣುವ ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಒಗೆದವರು ಬಹಳ. ಅವು ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ-12 ಸೇರಿಸಿ ಮಾಡಿದ ಕಾಳು. ‘ಎಫ್’ ಅಕ್ಷರದ ಜೊತೆ ಕೂಡಿಸುವ ಚಿಹ್ನೆ ಇದ್ದರೆ ಅದು ಸಾರವರ್ಧಿತ ಆಹಾರದ ಗುರುತು.

ನಂಬರು, ದೂರು, ನಮ್ಮ ಕರ್ತವ್ಯ

ಪ್ರತಿ ಪಾಕೀಟಿನ ಮೇಲೆ ಎಫ್.ಎಸ್.ಎಸ್.ಎ.ಐ. ಮುದ್ರೆಯೂ 14 ಅಂಕಿಯ ನಂಬರೂ ಇರಬೇಕು. 1ರಿಂದ ಶುರುವಾದರೆ ಲೈಸೆನ್ಸು, 2ರಿಂದ ಶುರುವಾದರೆ ಸಣ್ಣ ಉದ್ಯಮದ ನೋಂದಣಿ. ಈ ನಂಬರು ತಯಾರಕನ ವಿಳಾಸ ಸರ್ಕಾರಕ್ಕೆ ಗೊತ್ತಿದೆ ಎಂಬುದಕ್ಕೆ ಸಾಕ್ಷಿ. ಆ ಪಾಕೀಟನ್ನೇ ಪರೀಕ್ಷೆ ಮಾಡಿದ್ದಾರೆ ಎಂದು ಅರ್ಥವಲ್ಲ.

ಜಾತ್ರೆಯ ತಿನಿಸಿಗೆ ಲೇಬಲ್ಲೇ ಇರುವುದಿಲ್ಲ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಬಣ್ಣದ ಬೊಂಬಾಯಿ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಅಲ್ಲಿ ಕಣ್ಣೇ ಲೇಬಲ್ಲು. ಅತಿಯಾಗಿ ಕೆಂಪಗಿದ್ದರೆ ದೂರ ಇರುವುದೇ ಲೇಸು.

ಮೋಸ ಕಂಡರೆ ಪಾಕೀಟು, ಬಿಲ್ಲು ಎರಡನ್ನೂ ಒಗೆಯಬೇಡಿರಿ. ಬ್ಯಾಚ್ ನಂಬರು ಇಲ್ಲದೆ ದೂರು ನಿಲ್ಲುವುದಿಲ್ಲ. ಮೊದಲು ಅಂಗಡಿಯವರಿಗೆ ತೋರಿಸಿರಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೆ ಹೋಗಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕ ಇಲ್ಲ. ಸುಳ್ಳು ಲೇಬಲ್ ಹಚ್ಚಿದವರಿಗೆ ಆಹಾರ ಸುರಕ್ಷತಾ ಕಾಯಿದೆಯಡಿ 3 ಲಕ್ಷ ರೂಪಾಯಿವರೆಗೆ ದಂಡ ಇದೆ.

ಹಕ್ಕಿನ ಜೊತೆ ಕರ್ತವ್ಯವೂ ಬರುತ್ತದೆ. ನಮ್ಮ ಸ್ವಸಹಾಯ ಸಂಘದ ಅಕ್ಕಂದಿರು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಹಪ್ಪಳ, ಸಂಡಿಗೆ ಮಾಡಿ ಮಾರುತ್ತಾರೆ. ಕೈರುಚಿ ಎಲ್ಲಿಯೂ ಸಿಗದಂಥದು. ಆದರೆ ಪ್ಲಾಸ್ಟಿಕ್ ಚೀಲಕ್ಕೆ ಗಂಟು ಹಾಕಿ ಕೊಟ್ಟರೆ ಊರ ಸಂತೆ ದಾಟುವುದಿಲ್ಲ. ನೋಂದಣಿ ಮಾಡಿಸಿ, ಹೆಸರು, ಯಾದಿ, ತೂಕ, ತಾರೀಖು, ಬೆಲೆ ಹಾಕಿ, ಇಂಗ್ಲಿಷಿನ ಜೊತೆ ದಪ್ಪ ಕನ್ನಡ ಅಕ್ಷರದಲ್ಲೂ ಬರೆದರೆ ಹುಬ್ಬಳ್ಳಿಯ ಅಂಗಡಿಯಲ್ಲೂ ಮಾರಬಹುದು. ಬೇರೆಯವರ ಲೇಬಲ್ಲಿನಲ್ಲಿ ನಾವು ಹುಡುಕುವ ಪ್ರಾಮಾಣಿಕತೆ ನಮ್ಮ ಲೇಬಲ್ಲಿನಲ್ಲೂ ಇರಲಿ.

ಸಂಘದ ಆಡಳಿತ ಮಂಡಳಿಗೆ ನನ್ನದು ನಾಲ್ಕು ಸಲಹೆ. ಒಂದು, ಸಂಘದ ಅಂಗಡಿಯ ಕಟ್ಟೆಗೆ ಒಂದು ಭೂತಗನ್ನಡಿ ಕಟ್ಟಿರಿ, ಖರ್ಚು ನೂರಿನ್ನೂರು ರೂಪಾಯಿ, ಅಷ್ಟು ಸಣ್ಣ ಅಕ್ಷರ ಓದಲು ಅದೇ ಬೇಕು. ಎರಡು, ಗುರುತುಗಳ ಅರ್ಥವನ್ನು ಕನ್ನಡದಲ್ಲಿ ಬರೆದ ಫಲಕ ತೂಗುಹಾಕಿರಿ. ಮೂರು, ತಿಂಗಳಿಗೊಮ್ಮೆ ಕಪಾಟು ನೋಡಿ ತಾರೀಖು ಮೀರಿದ್ದನ್ನು ತೆಗೆಯಿರಿ, ಹಳೆಯದು ಮುಂದೆ, ಹೊಸದು ಹಿಂದೆ ಇಡಿರಿ. ನಾಲ್ಕು, ದೀಪದ ಎಣ್ಣೆಯನ್ನು ಅಡಿಗೆ ಎಣ್ಣೆಯಿಂದ ದೂರ ಬೇರೆ ಕಪಾಟಿನಲ್ಲಿಡಿರಿ. ಶಾಲೆಗೆ ಹೋಗುವ ಮಕ್ಕಳು ಮನೆಯ ಹಿರಿಯರಿಗೆ ಪಾಕೀಟು ಓದಿ ಹೇಳಲಿ. ಇಂಗ್ಲಿಷ್ ಕಲಿತದ್ದಕ್ಕೆ ಅದೊಂದು ಸಾರ್ಥಕ.

ಬಂಧುಗಳೇ, ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಈ ಕಾಲದಲ್ಲಿ ಊಟ ಬಲ್ಲವನಾಗಬೇಕಾದರೆ ಪಾಕೀಟಿನ ಹಿಂಭಾಗ ಬಲ್ಲವನಾಗಬೇಕು. ಎಲ್ಲವನ್ನೂ ಒಂದೇ ದಿನಕ್ಕೆ ಕಲಿಯಬೇಕೆಂದಿಲ್ಲ. ನಾಳೆ ಅಂಗಡಿಗೆ ಹೋದಾಗ ಒಂದೇ ಪಾಕೀಟು ತಿರುವಿ ಯಾದಿಯ ಮೊದಲ ಮೂರು ಹೆಸರು ಓದಿರಿ, ತಾರೀಖು ನೋಡಿರಿ. ಅಷ್ಟಾದರೆ ನನ್ನ ಮಾತು ಸಾರ್ಥಕ. 25 ವರ್ಷ ಸದಸ್ಯರ ನಂಬಿಕೆ ಉಳಿಸಿಕೊಂಡು ಬಂದ ಈ ಸಂಘ ಸುವರ್ಣಮಹೋತ್ಸವವನ್ನೂ ಕಾಣಲಿ, ಇಲ್ಲಿಂದ ಹೋಗುವ ಪ್ರತಿ ಚೀಲದಲ್ಲಿ ಸರಿಯಾದ ತೂಕ, ಸರಿಯಾದ ಸಾಮಾನು ಇರಲಿ ಎಂದು ಹಾರೈಸುತ್ತೇನೆ.